ಮಾರಾಟಕ್ಕಿಲ್ಲದ ಕಲೆಗೂ ಮನೆ ಬೇಕು

1997ರಲ್ಲಿ ದೆಹಲಿಗೆ ಹತ್ತಿರದ ಮೋದಿನಗರದಲ್ಲಿ ಕೆಲವು ಯುವ ಕಲಾವಿದರು ಸೇರಿ ಶಿಬಿರವೊಂದನ್ನು ನಡೆಸಿದರು. ದೇಶದವರೂ ಹೊರದೇಶದವರೂ ಕೂಡಿ ಉಣ್ಣಬೇಕು, ಹರಟಬೇಕು, ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಮಾಡಬೇಕು. ಮಾಡಿದ್ದು ಪೂರ್ತಿಯಾಗಲೇಬೇಕು, ಮಾರಾಟವಾಗಲೇಬೇಕು ಎಂಬ ಕಟ್ಟುಪಾಡು ಇರಲಿಲ್ಲ. ಬಿಹಾರದಿಂದ ಬಂದಿದ್ದ ಸುಬೋಧ್ ಗುಪ್ತ ಅಲ್ಲಿ ಕುಂಚ ಬದಿಗಿಟ್ಟು, ಬೆರಣಿಗಳನ್ನು ಒಂದರ ಮೇಲೊಂದು ಪೇರಿಸಿ, ಮನುಷ್ಯ ಒಳಹೊಕ್ಕು ನಿಲ್ಲಬಹುದಾದ ದುಂಡನೆಯ ಗೂಡು ಕಟ್ಟಿದರು. ‘ಮೈ ಮದರ್ ಆ್ಯಂಡ್ ಮಿ’ ಎಂದು ಅದಕ್ಕೆ ಹೆಸರಿಟ್ಟರು. ಗುಪ್ತ ಮುಂದೆ ಸ್ಟೀಲ್ ಪಾತ್ರೆಗಳ ಶಿಲ್ಪಗಳಿಂದ ಜಗತ್ತಿಗೆ ಪರಿಚಿತರಾದರು. ಆದರೆ ಆ ಹೊತ್ತಿಗೆ ಬೆರಣಿಯ ಗೂಡನ್ನು ತನ್ನೊಳಗೆ ಬಿಟ್ಟುಕೊಳ್ಳುವ ಗ್ಯಾಲರಿ ಸಿಗುವುದು ಕಷ್ಟವಿತ್ತು. ಆ ಶಿಬಿರದಿಂದಲೇ ‘ಖೋಜ್’ ಎಂಬ ಸಂಸ್ಥೆ ಹುಟ್ಟಿತು. 2002ರಲ್ಲಿ ಅದು ದೆಹಲಿಯ ಖಿಡ್ಕಿ ಎಕ್ಸ್‌ಟೆನ್ಷನ್‌ನ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ ನೆಲೆ ಕಂಡುಕೊಂಡಿತು.

ಲಾಭದ ಉದ್ದೇಶವಿಲ್ಲದ ಸಮಕಾಲೀನ ಕಲಾಕೇಂದ್ರ ಯಾಕೆ ಬೇಕು ಎಂಬುದಕ್ಕೆ ಆ ಗೂಡಿಗಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಖಾಸಗಿ ಗ್ಯಾಲರಿ ಬದುಕುವುದು ಮಾರಾಟದಿಂದ. ಹಾಗಾಗಿ ಗೋಡೆಗೆ ತೂಗುಹಾಕಬಹುದಾದ ಚಿತ್ರವನ್ನು ಅದು ಬಯಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಸರ್ಕಾರಿ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ, ಶಿಬಿರ ನಡೆಸುತ್ತದೆ, ವಾರ್ಷಿಕ ಪ್ರದರ್ಶನ ಏರ್ಪಡಿಸುತ್ತದೆ. ವಸ್ತುಸಂಗ್ರಹಾಲಯ ಆಗಿಹೋದದ್ದನ್ನು ಕಾಪಾಡುತ್ತದೆ. ಇನ್ನೂ ಆಗದಿರುವ, ಆಗುತ್ತದೋ ಇಲ್ಲವೋ ಎಂದು ಮಾಡುವವರಿಗೇ ಖಾತರಿಯಿಲ್ಲದ ಕೆಲಸಕ್ಕೆ ಜಾಗ ಎಲ್ಲಿ?

ಬೆಂಗಳೂರಿನಲ್ಲಿ ಆ ಜಾಗಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದು ವಿಳಾಸವಿದೆ. ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಹೇಳಿದ ಕಲಾ ಇತಿಹಾಸಕಾರ ಸುರೇಶ್ ಜಯರಾಂ 2003ರಲ್ಲಿ ಶಾಂತಿನಗರದ ತಮ್ಮ ಮನೆಯನ್ನೇ ‘ಒನ್ ಶಾಂತಿರೋಡ್’ ಎಂಬ ಸ್ಟುಡಿಯೊ ಮತ್ತು ಗ್ಯಾಲರಿಯಾಗಿ ತೆರೆದರು. ಬಾದಾಮಿ ಮರವಿರುವ ಅಂಗಳ, ಪ್ರದರ್ಶನಕ್ಕೆ ಬಿಳಿ ಗೋಡೆಯ ಹಜಾರ, ಬಂದವರು ಉಳಿದು ಕೆಲಸ ಮಾಡಲು ಕೋಣೆಗಳು. ಇಲ್ಲಿ ಸ್ಲೈಡ್ ತೋರಿಸುತ್ತ ಮಾತಾಡುತ್ತಾರೆ, ಸಿನಿಮಾ ನೋಡುತ್ತಾರೆ, ಪರ್ಫಾರ್ಮೆನ್ಸ್ ನಡೆಯುತ್ತದೆ, ಆಮೇಲೆ ಊಟ. ವಿದೇಶದಿಂದ ಬಂದ ಕಲಾವಿದೆಯೂ ಈಗಷ್ಟೇ ಕಾಲೇಜು ಮುಗಿಸಿದ ಹುಡುಗನೂ ಒಂದೇ ಮೇಜಿನ ಎದುರು ಕೂತು ಉಣ್ಣುವುದು ಈ ಮನೆಯ ಕಲಾಶಿಕ್ಷಣದ ದೊಡ್ಡ ಭಾಗವೆಂದೇ ನಾನು ಎಣಿಸುತ್ತೇನೆ. ಜಿಲ್ಲೆಯಿಂದ ಬಂದ ವಿದ್ಯಾರ್ಥಿಗೆ ಕಾಲೇಜು ಪದವಿ ಕೊಡುತ್ತದೆ. ತನ್ನ ಕೆಲಸದ ಬಗ್ಗೆ ಅಳುಕಿಲ್ಲದೆ ಮಾತಾಡಲು ಅವನು ಕಲಿಯುವುದು ಇಂಥ ಕಡೆ.

ಇದು ಹೊರಗಿನಿಂದ ಬಂದ ಕಲ್ಪನೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ಆರ್.ಎಂ. ಹಡಪದ್ ಅವರನ್ನು ಮರೆತಿದ್ದಾರೆ. ಬಾದಾಮಿ ಕಡೆಯಿಂದ ಬೆಂಗಳೂರಿಗೆ ಬಂದ ಹಡಪದ್ ಮೇಷ್ಟ್ರು ಕಟ್ಟಿದ ಕೆನ್ ಕಲಾಶಾಲೆ ನಡೆದದ್ದು ದೊಡ್ಡ ಬಂಡವಾಳದಿಂದಲ್ಲ, ಹಟದಿಂದ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಮೊದಲು ಕಲಿತದ್ದು ಅಲ್ಲೇ; ಶಾಂತಿನಿಕೇತನ, ಲಂಡನ್ ಆಮೇಲಿನವು. ಚಿತ್ರ ಬರೆಯುತ್ತಿದ್ದ ಅವರು ತೊಂಬತ್ತರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಬಳಿಕ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಬೆರೆಸಿದ ಅಂಟು ಸವರಿ ಹಗ್ಗವಾಗಿಸಿದರು. ಕೆಂಪು ಹಗ್ಗ ನೆಲದ ಮೇಲೆ ಹರಿದು, ಗೋಡೆ ಏರಿ, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ಇಳಿಬೀಳುತ್ತದೆ. ಹೆಣ್ಣಿನ ದುಡಿಮೆಯೂ ನೋವೂ ಒಂದೇ ಎಳೆಯಲ್ಲಿ ಕಾಣುವ ಆ ಕೃತಿಯನ್ನು ಇಂದು ಜಗತ್ತು ಗೌರವಿಸುತ್ತದೆ. ಮಾಡುವ ಹೊತ್ತಿನಲ್ಲಿ ಅದಕ್ಕೆ ಬೇಕಿದ್ದುದು ಖರೀದಿದಾರರಲ್ಲ. ಕಾಲಾವಕಾಶ, ಸ್ಥಳ, ಜೊತೆಗೆ ಗಂಭೀರವಾಗಿ ನೋಡುವ ನಾಲ್ಕು ಜನ.

ಇಂಥ ಸಂಸ್ಥೆಯ ಬೆಳವಣಿಗೆಯನ್ನು ಅಳೆಯುವಾಗಲೇ ನಾವು ಎಡವುತ್ತೇವೆ. ಎಷ್ಟು ಚದರಡಿ, ಎಷ್ಟು ಮಹಡಿ, ಉದ್ಘಾಟನೆಗೆ ಯಾರು ಬಂದಿದ್ದರು ಎಂದು ಕೇಳುತ್ತೇವೆ. ಖೋಜ್ ಬೆಳೆದ ಬಗೆ ನೋಡಿ. ಅದರ ಜೊತೆಜೊತೆಗೇ ಕೊಲಂಬೊದಲ್ಲಿ ‘ತೀರ್ಥ’, ಕರಾಚಿಯಲ್ಲಿ ‘ವಸ್ಲ್’, ಢಾಕಾದಲ್ಲಿ ‘ಬ್ರಿತ್ತೊ’ ತಲೆಯೆತ್ತಿದವು. ಸರ್ಕಾರಗಳು ಪರಸ್ಪರ ಮುಖ ನೋಡದ ದಿನಗಳಲ್ಲೂ ಇವುಗಳ ಕಲಾವಿದರು ಒಬ್ಬರ ಊರಿಗೊಬ್ಬರು ಹೋಗಿಬಂದರು. 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ‘ಡಾಕ್ಯುಮೆಂಟಾ’ ಕಲಾಪ್ರದರ್ಶನಕ್ಕೆ ಬ್ರಿತ್ತೊ ಆಹ್ವಾನಿತವಾಗಿ, ಅಲ್ಲಿ ಕೈತೋಟ ಮಾಡಿ, ಅಡುಗೆಮನೆ ಹೂಡಿ, ಬಂದವರಿಗೆ ಬಡಿಸಿತು. ಇತ್ತ ಖಿಡ್ಕಿಯಲ್ಲಿ ಅಫ್ಗನ್ನರು, ಆಫ್ರಿಕನ್ನರು, ಬಿಹಾರದ ಕೂಲಿಕಾರರು ಒತ್ತೊತ್ತಾಗಿ ಬಾಳುವ ಗಲ್ಲಿಗಾಗಿ ಖೋಜ್ ಬೆಂಬಲದಿಂದ ಒಂದು ಪುಟ್ಟ ಪತ್ರಿಕೆಯೂ ಹೊರಬಂತು. ಇದು ಬೆಳವಣಿಗೆ.

ಆದರೆ ಇಂಥ ಮನೆಯ ಕರೆಂಟ್ ಬಿಲ್ ಕಟ್ಟುವವರು ಯಾರು? ಪ್ರಾಯೋಜಕರಿಗೆ ಬೇಕಾಗಿರುವುದು ಕಾರ್ಯಕ್ರಮ: ಬ್ಯಾನರ್, ಫೋಟೊ, ವರದಿ. ಬಾಡಿಗೆ, ವಿದ್ಯುತ್, ಲೆಕ್ಕ ಬರೆಯುವವರ ಸಂಬಳ, ಸೋರುವ ತಾರಸಿಯ ದುರಸ್ತಿಗೆ ಹಣ ಕೊಡುವವರು ಕಡಿಮೆ. ಕಾನೂನು ಈ ಕೊರತೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ 50ರಿಂದ ಶೇ 20ಕ್ಕೆ ಇಳಿಯಿತು. ಬಂದ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ಹಂಚುವುದೂ ನಿಂತಿತು. ದೊಡ್ಡ ಸಂಸ್ಥೆಯೊಂದು ಚಿಕ್ಕದರ ಕೈ ಹಿಡಿಯುವ ದಾರಿಯೇ ಮುಚ್ಚಿತು.

ಉಳಿದದ್ದು ಸ್ವದೇಶಿ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದು ಎಂಬ ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಅಲ್ಲಿದೆ, ಚಾರಿತ್ರಿಕ ಕಟ್ಟಡಗಳ ಜೀರ್ಣೋದ್ಧಾರವಿದೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಉತ್ತೇಜನವಿದೆ. ಈ ಕಾಲದ ಕಲೆಯನ್ನು ಅದು ಹೆಸರಿಸುವುದಿಲ್ಲ. ಕಂಪನಿಯ ಲೆಕ್ಕಪರಿಶೋಧಕರು ಎಚ್ಚರಿಕೆಯಿಂದ ಓದಿದರೆ ಹಣ ಹೋಗುವುದು ದೇವಸ್ಥಾನದ ಗೋಪುರಕ್ಕೆ, ಕಸೂತಿ ತರಬೇತಿಗೆ. ಅವೂ ಆಗಬೇಕಾದ ಕೆಲಸಗಳೇ. ಆದರೆ ಇಂದಿನ ಪ್ರಯೋಗಕ್ಕೆ ಆಸರೆ ಸಿಗದಿದ್ದರೆ ನಾಳೆ ಕಾಪಾಡುವುದಕ್ಕೆ ಏನಿರುತ್ತದೆ?

ಸರ್ಕಾರ ಮುಂದೆ ಬಂದಾಗಲೂ ನಿಗಾ ಬೇಕು. ಮೈಸೂರು ಅರಮನೆಯ ಕಲಾವಿದ, ಅವನೀಂದ್ರನಾಥ ಠಾಕೂರರ ಶಿಷ್ಯ ಕೆ. ವೆಂಕಟಪ್ಪ ಅವರ ಹೆಸರಿನ ಕಸ್ತೂರಬಾ ರಸ್ತೆಯ ಗ್ಯಾಲರಿಯನ್ನು ಒಪ್ಪಂದದ ಮೂಲಕ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ರಾಜ್ಯ ಸರ್ಕಾರ ಮುಂದಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಅವರ ತಕರಾರು ದುರಸ್ತಿಯ ಬಗ್ಗೆ ಆಗಿರಲಿಲ್ಲ. ಕಡಿಮೆ ಬಾಡಿಗೆಗೆ ಸಿಗುವ ಹಜಾರ ಕೈತಪ್ಪಿದರೆ ಮೊದಲ ಪ್ರದರ್ಶನ ಮಾಡಲು ಬಡ ಕಲಾವಿದ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅದು. ಆ ಪ್ರತಿಭಟನೆ ಗೆದ್ದದ್ದು ಕರ್ನಾಟಕದ ಕಲೆಯ ಭಾಗ್ಯ. ಸಾರ್ವಜನಿಕ ಜಾಗಕ್ಕೆ ಖಾಸಗಿ ಹಣ ಬರಲಿ, ಆದರೆ ಏನು ತೋರಿಸಬೇಕೆಂಬ ತೀರ್ಮಾನ ಹಣದ ಜೊತೆ ಕೈಬದಲಾಗಬಾರದು.

ಒನ್ ಶಾಂತಿರೋಡ್‌ನಂಥ ತಾಣಗಳ ಶಕ್ತಿ ಎಲ್ಲಿದೆಯೋ ದೌರ್ಬಲ್ಯವೂ ಅಲ್ಲೇ ಇದೆ. ಅವು ಒಬ್ಬರ ಔದಾರ್ಯದ ಮೇಲೆ ನಿಂತಿವೆ. ಬೆಂಗಳೂರಿನ ಇಂದಿನ ನಿವೇಶನದ ಬೆಲೆಯಲ್ಲಿ ಅಂಥ ಇನ್ನೊಂದು ಮನೆಯನ್ನು ಹೊಸದಾಗಿ ಯಾರೂ ತೆರೆಯಲಾರರು. ಹಾಗೆಂದು ಬೆಂಗಳೂರಿನಲ್ಲೇ ತೆರೆಯಬೇಕೆಂದಿಲ್ಲ. ಕಲಬುರಗಿಯಲ್ಲಿ ವಿ.ಜಿ. ಅಂದಾನಿ ಕಟ್ಟಿದ ಕಲಾಶಾಲೆಯಿದೆ, ದಾವಣಗೆರೆ, ಮೈಸೂರು, ಧಾರವಾಡದಲ್ಲಿ ಕಾಲೇಜುಗಳಿವೆ. ವರ್ಷವರ್ಷ ಹೊರಬರುವ ವಿದ್ಯಾರ್ಥಿಗಳು ರಾಜಧಾನಿಯ ಬಸ್ಸು ಹತ್ತುತ್ತಾರೆ, ಇಲ್ಲವೇ ಕುಂಚ ಕೆಳಗಿಡುತ್ತಾರೆ. ಈ ಊರುಗಳಲ್ಲಿ ಬೀಗ ಬಿದ್ದ ಹಳೆಯ ಸರ್ಕಾರಿ ಕಟ್ಟಡಗಳಿಗೆ ಬರವಿಲ್ಲ. ಅವುಗಳಲ್ಲಿ ಒಂದೊಂದನ್ನು ಕಲಾವಿದರದೇ ಆದ ಟ್ರಸ್ಟಿಗೆ ಹತ್ತು ವರ್ಷದ ಗೇಣಿಗೆ ಕೊಡಬಹುದು. ಲಲಿತಕಲಾ ಅಕಾಡೆಮಿ ಮೂಲಕ ಬಾಡಿಗೆ, ವಿದ್ಯುತ್, ಒಬ್ಬರ ಸಂಬಳಕ್ಕೆಂದೇ ಮೂರು ವರ್ಷದ ಅನುದಾನ ನಿಗದಿ ಮಾಡಬಹುದು. ಲೆಕ್ಕ ಪ್ರತಿವರ್ಷ ಬಹಿರಂಗವಾಗಲಿ. ಕಲಾಕೃತಿಗಳ ಆಯ್ಕೆಯಲ್ಲಿ ಇಲಾಖೆ ಕೈಹಾಕದಿರಲಿ. ಅತ್ತ ಏಳನೇ ಅನುಸೂಚಿಯಲ್ಲಿ ಸಮಕಾಲೀನ ಕಲೆಯನ್ನು ಸೇರಿಸಲು ಸಂಸತ್ತಿನಲ್ಲಿ ಮಸೂದೆ ತರಬೇಕಾಗಿಲ್ಲ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಆ ಪಟ್ಟಿಯನ್ನು ಅಧಿಸೂಚನೆಯಿಂದಲೇ ಹಲವು ಸಲ ತಿದ್ದಿದೆ. ಇದೊಂದನ್ನೂ ಹಾಗೆಯೇ ಮಾಡುವಂತೆ ರಾಜ್ಯ ಸರ್ಕಾರ ಈ ವರ್ಷವೇ ಪತ್ರ ಬರೆಯಬಹುದು.