ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ರಾಜ್ಯಪಾಲರ ಮೇಲೆ ಮಂತ್ರಿಗಳು ಹರಿಹಾಯುವಾಗ ಅವರ ಮಾತಿನಲ್ಲಿ ಸಂವಿಧಾನ, ಪ್ರಜಾಪ್ರಭುತ್ವ ಎಂಬ ಶಬ್ದಗಳು ಧಾರಾಳವಾಗಿ ಉದುರುತ್ತವೆ. ನನಗೆ ಕೇಳಬೇಕೆನಿಸುವುದು ಒಂದೇ: ಸ್ವಾಮಿ, ರಾಜಭವನದಲ್ಲಿ ನಿಮ್ಮವರೇ ಕೂತಿದ್ದಾಗ ನೀವು ಏನು ಹೇಳಿದ್ದಿರಿ?

2011ರ ಜನವರಿಯಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಮೊಕದ್ದಮೆಗೆ ಅನುಮತಿ ಕೊಟ್ಟರು. ಬಿಜೆಪಿ ಕೆರಳಿತು. ಆಳುವ ಪಕ್ಷವೇ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು! ರಾಜ್ಯಪಾಲರು ಕಾಂಗ್ರೆಸ್ಸಿನ ಏಜೆಂಟರೆಂದರು, ಅವರನ್ನು ವಾಪಸು ಕರೆಸಿಕೊಳ್ಳಿ ಎಂದರು. ಬಸ್ಸುಗಳಿಗೆ ಕಲ್ಲು ಬಿತ್ತು. ಕಾಂಗ್ರೆಸ್ಸಿನವರಿಗೆ ಆಗ ರಾಜ್ಯಪಾಲರ ಪೀಠ ಬಹಳ ಪವಿತ್ರವಾಗಿತ್ತು.

2024ರ ಆಗಸ್ಟಿನಲ್ಲಿ ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಅವರು ಮೈಸೂರಿನ ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟರು. ಈಗ ಕೆರಳುವ ಸರದಿ ಕಾಂಗ್ರೆಸ್ಸಿನದು, ಪೀಠದ ಪಾವಿತ್ರ್ಯ ನೆನಪಾಗುವ ಸರದಿ ಬಿಜೆಪಿಯದು. ಮಂಗಳೂರಿನಲ್ಲಿ ಮತ್ತೆ ಬಸ್ಸಿಗೇ ಕಲ್ಲು. ಆ ಬಸ್ಸು ಯಾರಿಗೆ ಅನುಮತಿ ಕೊಟ್ಟಿತ್ತೋ ನಾ ಕಾಣೆ.

ರಾಜ್ಯಪಾಲರನ್ನು ಟೀಕಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರಿಗೆ ವಿಧಾನಸಭೆಯಲ್ಲಿ ಬಹುಮತ ತೋರಿಸುವ ಅವಕಾಶವನ್ನೇ ಕೊಡದೆ ಸರಕಾರ ಉರುಳಿಸಿದ್ದು ಅನ್ಯಾಯವೇ. 1994ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು. ಬೇರೆ ಪಕ್ಷಗಳ ನಾಯಕರ ಮೇಲಿನ ಅರ್ಜಿಗಳು ರಾಜಭವನದಲ್ಲೇ ಕೂತಿವೆಯಲ್ಲ ಎಂದು ಕಾಂಗ್ರೆಸ್ 2024ರಲ್ಲಿ ಎತ್ತಿದ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಮೂಲದ ರೋಗಕ್ಕೆ ಯಾರು ಮದ್ದು ಅರೆದರು? ಸಕ್ರಿಯ ರಾಜಕಾರಣದಲ್ಲಿ ಮುಳುಗಿದವರನ್ನು ಆ ಹುದ್ದೆಗೆ ತರಬೇಡಿ ಎಂದು ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿತ್ತು. ಭಾರದ್ವಾಜ್ 2009ರವರೆಗೆ ಕಾಂಗ್ರೆಸ್ ನೇತೃತ್ವದ ಕೇಂದ್ರ ಸರಕಾರದ ಮಂತ್ರಿ. ಗೆಹ್ಲೋಟ್ 2021ರವರೆಗೆ ಬಿಜೆಪಿ ಸರಕಾರದ ಮಂತ್ರಿ. ಇಬ್ಬರೂ ಮಂತ್ರಿಗಿರಿ ಮುಗಿಸಿ ನೇರ ನಮ್ಮ ರಾಜಭವನಕ್ಕೇ ಬಂದವರು. ಕಳಿಸಿದ ಪಕ್ಷದವರಿಗೆ ಆಗ ಸರ್ಕಾರಿಯಾ ನೆನಪಾಗಲಿಲ್ಲ. ಕುರ್ಚಿಯ ಮೇಲೆ ಇವರಿಗೇನೂ ಸಿಟ್ಟಿಲ್ಲ, ಅದರಲ್ಲಿ ಎದುರು ಪಕ್ಷದವರು ಕೂತಿರುವುದೇ ಇವರ ಸಂಕಟ.

ನಮ್ಮಂಥ ಹೆಂಗಸರಿಗೆ ನಿಜವಾಗಿ ಬೇಕಾದ ಟೀಕೆ ಬೇರೆ ಥರದ್ದು. ಕಿರುಸಾಲ ಪಡೆದವರ ಮನೆ ಬಾಗಿಲಲ್ಲಿ ನಿಂತು ಕೂಗಾಡಿ, ಮಾನ ಕಳೆದು ಕಂತು ವಸೂಲು ಮಾಡುವವರನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. 10 ವರ್ಷ ಜೈಲು, 5 ಲಕ್ಷ ದಂಡ ಅತಿಯಾಯಿತೆಂದು ರಾಜ್ಯಪಾಲರು ಹಿಂದಕ್ಕೆ ಕಳಿಸಿದರು. ಸರಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿತು. ಕೆಲವೇ ದಿನಗಳಲ್ಲಿ ಅಂಕಿತ ಬಿತ್ತು. ಮೈಕಿನ ಮುಂದೆ ರಾಜ್ಯಪಾಲರನ್ನು ಜರಿಯುವ ಮಂತ್ರಿ ಯಾವ ಪಕ್ಷದವರೇ ಇರಲಿ, ಅಂಥ ಒಂದು ಕಾಗದವನ್ನು ಮೊದಲು ತೋರಿಸಲಿ. ಬಂದ್ ದಿನ ಮಗುವಿನ ಹಾಲಿಗೂ ಅಲೆದಾಡುವವರು ನಾವು.