ಕಿರುಗುಟ್ಟುವ ಅಟ್ಟ

ಬೀದರ ನಗರದ ಹಳೆಯ ಓಣಿಗಳಲ್ಲಿಯೂ ಭಾಲ್ಕಿ, ಔರಾದಗಳಲ್ಲಿಯೂ ಮರದ ತೊಲೆ-ಜಂತಿಗಳ ಮನೆಗಳು ಇನ್ನೂ ಉಳಿದಿವೆ. ಸಂಸಾರ ಬೆಳೆದಂತೆ, ಜೋಳದ ಚೀಲಕ್ಕೂ ಹಳೆಯ ತೊಟ್ಟಿಲಿಗೂ ಮೀಸಲಾಗಿದ್ದ ಅಟ್ಟವನ್ನು ಗುಡಿಸಿ, ಸುಣ್ಣ ಬಳಿದು, ದೀಪ ಹಾಕಿಸಿ, ಮಕ್ಕಳ ಓದಿನ ಕೋಣೆಯನ್ನಾಗಿ ಮಾಡುವುದುಂಟು. ಪರೀಕ್ಷೆಯ ದಿನಗಳಲ್ಲಿ ಮಗಳು ಬೆಳಗಿನ ನಾಲ್ಕಕ್ಕೆ ಎದ್ದು ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಹಲಗೆ ‘ಕಿರ್ರ್’ ಎನ್ನುತ್ತದೆ, ಕೆಳಗೆ ಮಲಗಿದ ಅಜ್ಜಿ “ಯಾರವ್ವಾ ಅದು?” ಎಂದು ಎದ್ದು ಕೂಡುತ್ತಾರೆ.

ಕಾರಣ ದೆವ್ವವಲ್ಲ, ಬೇಸಗೆ. ಮರವು ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಅದೂ ಉದ್ದದಲ್ಲಿ ಅಲ್ಲ, ಅಗಲದಲ್ಲಿ. ಒಂಬತ್ತು ಅಂಗುಲದ ಹಲಗೆಯು ಶ್ರಾವಣದಿಂದ ವೈಶಾಖಕ್ಕೆ ಎರಡು ಮಿಲಿಮೀಟರಿನಷ್ಟು ಕಿರಿದಾದರೆ ಆಶ್ಚರ್ಯವಿಲ್ಲ. ಆಗ ಮೊಳೆಯ ಹಿಡಿತ ಸಡಿಲಾಗುತ್ತದೆ. ಕಾಲಿಟ್ಟಾಗ ತಗ್ಗಿ, ಕಾಲೆತ್ತಿದಾಗ ಏಳುವ ಹಲಗೆಯು ಮೊಳೆಗೆ ಉಜ್ಜಿ ಕೂಗುತ್ತದೆ. ಜಪಾನಿನ ಕ್ಯೋಟೋ ನಗರದ ನಿಜೋ ಕೋಟೆಯಲ್ಲಿ ನೆಲದ ಹಲಗೆಗಳು ಹಕ್ಕಿಯಂತೆ ಉಲಿಯುತ್ತವೆಂದು ಪ್ರವಾಸಿಗರು ಹಣ ತೆತ್ತು ನಡೆದು ಬರುತ್ತಾರೆ. ಅಲ್ಲಿ ಹಾಡುವುದೂ ಹಲಗೆಯಡಿಯ ಮೊಳೆ-ಕೊಂಡಿಗಳೇ! ನಮ್ಮ ಅಜ್ಜಿಯರಿಗೆ ಆ ರಸಿಕತೆ ಇರಬೇಕೆಂದು ಹೇಳಲಾಗದು.

ಆದರೆ ಸದ್ದನ್ನು ಅಡಗಿಸುವ ಮೊದಲು ಜಂತಿಗಳನ್ನು ನೋಡತಕ್ಕದ್ದು. ನಮ್ಮ ಮನೆಗಳಲ್ಲಿ ಅವು ಕೆಳಗಿನಿಂದಲೇ ಕಾಣುವುದು ದೊಡ್ಡ ಅನುಕೂಲ. ಜಂತಿಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿಯೇ ತೇವ ನಿಲ್ಲುವುದು, ಗೆದ್ದಲು ಏರುವುದು. ಅಲ್ಲಿ ದಬ್ಬಳದಿಂದ ಚುಚ್ಚಿರಿ. ಸುಲಭವಾಗಿ ಒಳಹೊಕ್ಕರೆ, ಇಲ್ಲವೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅಂದೇ ಮೇಲಿನ ಕೋಣೆಯನ್ನು ಬರಿದು ಮಾಡಿ, ಅಜ್ಜಿಯ ಮಂಚವನ್ನು ಬೇರೆಡೆಗೆ ಸರಿಸಿ, ಬಡಗಿಯನ್ನು ಕರೆಸಿರಿ. ಅಂಥ ಮರಕ್ಕೆ ಮೊಳೆ ಹೊಡೆದು ಪ್ರಯೋಜನವಿಲ್ಲ.

ಜಂತಿ ಗಟ್ಟಿಯಾಗಿದ್ದರೆ ಮುಂದಿನದು ಹಗುರ ಕೆಲಸ. ಒಬ್ಬರು ಮೇಲೆ ನಡೆಯಲಿ, ಇನ್ನೊಬ್ಬರು ಕೆಳಗಿನಿಂದ ಕಿವಿಗೊಟ್ಟು ಬಳಪದಿಂದ ಗುರುತು ಹಾಕಲಿ. ಅಲ್ಲಿ ಬೈರಿಗೆಯಿಂದ ಸಣ್ಣ ತೂತು ಕೊರೆದು, ಹಲಗೆಯ ದಪ್ಪದ ಎರಡೂವರೆ ಪಟ್ಟು ಉದ್ದದ ಸ್ಕ್ರೂವನ್ನು ಸಾಬೂನಿಗೆ ಉಜ್ಜಿ ಜಂತಿಯವರೆಗೆ ತಿರುಗಿಸಬೇಕು. ಹಳೆಯ ಮೊಳೆಯನ್ನೇ ಮತ್ತೆ ಬಡಿದರೆ ಮುಂದಿನ ಬೇಸಗೆಗೆ ಅದು ಪುನಃ ಏಳುತ್ತದೆ. ಹಲಗೆಗೂ ಜಂತಿಗೂ ನಡುವೆ ಸಂದಿದ್ದರೆ ತೆಳುವಾದ ಬೆಣೆಗೆ ಅಂಟು ಸವರಿ ಮೆಲ್ಲನೆ ತಳ್ಳಿರಿ. ಬಲವಾಗಿ ಹೊಡೆದರೆ ಹಲಗೆ ಮೇಲೆದ್ದು ಪಕ್ಕದ ಹಲಗೆಯೂ ಕೂಗತೊಡಗುತ್ತದೆ. ಹಲಗೆಗೆ ಹಲಗೆ ಉಜ್ಜುತ್ತಿದ್ದರೆ ಮುಖಕ್ಕೆ ಹಚ್ಚುವ ಪೌಡರನ್ನು ಸಂದಿಗೆ ಉದುರಿಸಿದರೂ ಸಾಕು.

ಕೆಲವರು ಈ ತಂಟೆಯೇ ಬೇಡವೆಂದು ಹಲಗೆಗಳ ಮೇಲೆ ಕಾಂಕ್ರೀಟು ಹಾಕಿಸುತ್ತಾರೆ. ಸದ್ದೇನೋ ನಿಲ್ಲುತ್ತದೆ. ಆದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಒಂದೇ ಅಂಗುಲ ಹಾಕಿದರೂ ಆರು ಕ್ವಿಂಟಲಿಗೆ ಮಿಗಿಲಾದ ಭಾರ ಆ ಜಂತಿಗಳ ಮೇಲೆ ಸದಾಕಾಲ ಕೂಡುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರು ಮಲಗಿದಲ್ಲಿಯೇ ಮಡಿದದ್ದು ಕಲ್ಲು-ಮಣ್ಣಿನ ಗೋಡೆಗಳೂ, ಮರದ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆಗಳೂ ಕುಸಿದುದರಿಂದ. ತಲೆಯ ಮೇಲಿನ ಭಾರವನ್ನು ಹೆಚ್ಚಿಸಿ ನಿದ್ದೆಯನ್ನು ಕೊಳ್ಳುವ ವ್ಯಾಪಾರ ನಮಗೆ ಬೇಡ.

ದುರಸ್ತಿಗೆ ಚೈತ್ರ-ವೈಶಾಖಗಳೇ ತಕ್ಕ ಕಾಲ. ಸಡಿಲಾದದ್ದೆಲ್ಲ ಆಗ ತಾನಾಗಿ ಬಯಲಾಗುತ್ತದೆ. ಹಲಗೆಗಳ ನಡುವಿನ ಸಂದಿಗಳನ್ನು ಮಾತ್ರ ಬಿಗಿಯಾಗಿ ತುಂಬಬೇಡಿರಿ. ಮಳೆಗಾಲದಲ್ಲಿ ಅವು ಉಬ್ಬುವುದಕ್ಕೆ ಜಾಗ ಬೇಕು.