ಬೆನ್ನು ಇದ್ದಷ್ಟು ಬೀಸು

'ಗಾಲ್ಫ್ ದುಡ್ಡಿರುವವರ ಆಟ, ಆರೋಗ್ಯದ ಅಂಕಣದಲ್ಲಿ ಅದಕ್ಕೇನು ಕೆಲಸ?' ಎಂದು ನೀವು ಕೇಳಬಹುದು. ಈ ಆಟ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದವರಿಗೂ ಇದು ಹಳೆಯ ಪರಿಚಯ. ಈಚೆಗೆ ಬೆಂಗಳೂರು, ಮೈಸೂರುಗಳಲ್ಲಿ ನಲವತ್ತು ದಾಟಿದ ಎಂಜಿನಿಯರುಗಳು, ವ್ಯಾಪಾರಿಗಳು, ನಿವೃತ್ತ ಅಧಿಕಾರಿಗಳು ಕೂಡ ಗಾಲ್ಫ್ ಕಲಿಯಲು ಹೊರಟಿದ್ದಾರೆ. ಓಡುವ ಕಷ್ಟವಿಲ್ಲ, ಡಿಕ್ಕಿ ಹೊಡೆಯುವ ಎದುರಾಳಿಯಿಲ್ಲ, ಹಸಿರಿನ ನಡುವೆ ನಡೆದಂತೆಯೂ ಆಯಿತು ಎಂಬುದು ಅವರ ಲೆಕ್ಕಾಚಾರ.

ಈ ಲೆಕ್ಕಾಚಾರ ತಪ್ಪಲ್ಲ. 18 ಕುಳಿಗಳ ಒಂದು ಪೂರ್ಣ ಆಟವನ್ನು ನಡೆದೇ ಮುಗಿಸಿದರೆ ಸುಮಾರು 8ರಿಂದ 10 ಕಿಲೋಮೀಟರ್ ನಡಿಗೆಯಾಗುತ್ತದೆ. ಸ್ವೀಡನ್ನಿನಲ್ಲಿ ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರ ಮರಣ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಶೇಕಡ 40ರಷ್ಟು ಕಡಿಮೆ ಇದ್ದುದು ಕಂಡುಬಂತು. ಗಾಲ್ಫ್ ಆಡಲು ಹೋಗುವವರು ಮೊದಲೇ ತಕ್ಕಮಟ್ಟಿಗೆ ಆರೋಗ್ಯವಂತರಾಗಿರುತ್ತಾರೆ ಎಂಬುದನ್ನು ಮರೆಯಬಾರದು. ಹಾಗಿದ್ದರೂ ವಾರಕ್ಕೆರಡು ದಿನ ಇಷ್ಟು ದೂರ ನಡೆಯುವುದು ಹೃದಯಕ್ಕೂ ಮಧುಮೇಹಕ್ಕೂ ಒಳ್ಳೆಯದೆಂಬುದರಲ್ಲಿ ಅನುಮಾನವಿಲ್ಲ.

ತೊಂದರೆ ಬರುವುದು ನಡಿಗೆಯಿಂದಲ್ಲ, ಚೆಂಡನ್ನು ಹೊಡೆಯುವುದರಿಂದ. ಆಟ ಶುರುಮಾಡಿದ ಕೆಲವೇ ತಿಂಗಳಲ್ಲಿ ಸೊಂಟ ಹಿಡಿದುಕೊಂಡವರು, ಕಾಫಿ ಲೋಟ ಎತ್ತಲೂ ಮೊಣಕೈ ನೋಯುತ್ತದೆ ಎನ್ನುವವರು ಎಷ್ಟೋ ಮಂದಿ. ಹವ್ಯಾಸಿ ಆಟಗಾರರನ್ನು ಹೆಚ್ಚಾಗಿ ಕಾಡುವುದು ಈ ಎರಡೇ ಜಾಗಗಳು. ಇದಕ್ಕೆ ವಯಸ್ಸನ್ನು ದೂರುವುದು ವಾಡಿಕೆ. ಆದರೆ ಕಲಿಯುವ ಕ್ರಮವೇ ತಲೆಕೆಳಗಾಗಿರುವುದು ಇದರ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಜನ ಮೊದಲು ದುಬಾರಿ ಕ್ಲಬ್ಬುಗಳನ್ನು ಕೊಳ್ಳುತ್ತಾರೆ. (ಇಲ್ಲಿ ಕ್ಲಬ್ ಎಂದರೆ ಸಂಘವಲ್ಲ, ಚೆಂಡು ಹೊಡೆಯುವ ಕೋಲು.) ನಂತರ ಟಿ.ವಿ.ಯಲ್ಲಿ ಕಂಡವರ ಹಾಗೆ ಬೀಸಲು ನೋಡುತ್ತಾರೆ. ಮೈ ಅದಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಬರುವುದು ನೋವು ಬಂದ ಮೇಲೆ. ಸರಿಯಾದ ಕ್ರಮ ಇದಕ್ಕೆ ತಿರುವುಮುರುವು: ಮೊದಲು ಮೈ, ಆಮೇಲೆ ಪಾಠ, ಕೊನೆಗೆ ಕ್ಲಬ್.

ಸೊಂಟ ಎಷ್ಟು ತಿರುಗುತ್ತದೆ?

ನಮ್ಮ ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಐದು ಮಣಿಗಳಿವೆ. ಮುಂದಕ್ಕೆ ಬಾಗಲು, ಹಿಂದಕ್ಕೆ ಚಾಚಲು ಅವು ಚೆನ್ನಾಗಿ ಒದಗುತ್ತವೆ. ತಿರುಚುವ ಕೆಲಸ ಅವಕ್ಕೆ ಹೇಳಿದ್ದಲ್ಲ. ಐದೂ ಸೇರಿ ಒಂದು ಬದಿಗೆ ತಿರುಗುವುದು ಸುಮಾರು 10ರಿಂದ 15 ಡಿಗ್ರಿ ಮಾತ್ರ. ಗಾಲ್ಫ್ ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ಬನ್ನು ಹಿಂದಕ್ಕೆತ್ತಿ ಬೀಸುವ ಕ್ರಿಯೆಯಲ್ಲಿ, ಭುಜಗಳು 90 ಡಿಗ್ರಿಯಷ್ಟು ತಿರುಗಬೇಕೆಂದು ಹೇಳಿಕೊಡುತ್ತಾರೆ. ಉಳಿದ ತಿರುವು ಎಲ್ಲಿಂದ ಬರಬೇಕು? ಎದೆಯ ಹಿಂಭಾಗದ ಬೆನ್ನಿನಿಂದ ಮತ್ತು ತೊಡೆಯ ಕೀಲುಗಳಿಂದ. ದಿನವೆಲ್ಲ ಕುರ್ಚಿಯಲ್ಲಿ ಕೂತು, ಕಾರಿನಲ್ಲಿ ಕೂತು ಈ ಎರಡು ಜಾಗಗಳೂ ಬಿಗಿದುಕೊಂಡಿದ್ದರೆ ಆ ಭಾರವೆಲ್ಲ ಪಾಪದ ಸೊಂಟದ ಮೇಲೆ ಬೀಳುತ್ತದೆ. ಪೂರ್ಣ ಸ್ವಿಂಗ್‌ನಲ್ಲಿ ಸೊಂಟದ ಡಿಸ್ಕುಗಳ ಮೇಲೆ ಬೀಳುವ ಒತ್ತಡ ದೇಹದ ತೂಕದ ಎಂಟು ಪಟ್ಟಿನಷ್ಟಾಗುತ್ತದೆ ಎಂದು ಅಳತೆ ಮಾಡಿದವರು ಕಂಡಿದ್ದಾರೆ.

ಹಿಂದಿನ ಆಟಗಾರರು ಕ್ಲಬ್ ಎತ್ತುವಾಗ ಎಡ ಹಿಮ್ಮಡಿಯನ್ನು ನೆಲದಿಂದ ಬಿಡಿಸಿ, ಸೊಂಟವೂ ಭುಜದ ಜೊತೆಗೇ ತಿರುಗಲು ಬಿಡುತ್ತಿದ್ದರು. ಜ್ಯಾಕ್ ನಿಕ್ಲಾಸ್ ಆಡಿದ್ದು ಹಾಗೆಯೇ. 1986ರಲ್ಲಿ, ತಮ್ಮ 46ನೇ ವಯಸ್ಸಿನಲ್ಲಿ, ಅವರು ಮಾಸ್ಟರ್ಸ್ ಪಂದ್ಯಾವಳಿ ಗೆದ್ದರು. ಆಮೇಲೆ ಬಂದ ಕ್ರಮದಲ್ಲಿ ಸೊಂಟವನ್ನು ಬಿಗಿಹಿಡಿದು ಭುಜವನ್ನು ಮಾತ್ರ ತಿರುಗಿಸಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮೈಯನ್ನು ತಿರುಚುತ್ತಾರೆ. ಇದರಿಂದ ಚೆಂಡು ದೂರ ಹೋಗುವುದು ನಿಜ. ಆದರೆ ಅದನ್ನು ತಾಳಿಕೊಳ್ಳಲು ವೃತ್ತಿ ಆಟಗಾರರು ದಿನವೂ ತಾಸುಗಟ್ಟಲೆ ವ್ಯಾಯಾಮ ಮಾಡುತ್ತಾರೆ. ಅಷ್ಟು ಮಾಡಿಯೂ ಬೆನ್ನು ನೋವಿನಿಂದ ಎಲ್ಲರೂ ತಪ್ಪಿಸಿಕೊಂಡಿಲ್ಲ. ಟೈಗರ್ ವುಡ್ಸ್ 2014ರಿಂದ 2017ರೊಳಗೆ ನಾಲ್ಕು ಸಲ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ನಾಲ್ಕನೆಯದರಲ್ಲಿ ಮಣಿಗಳನ್ನೇ ಬೆಸೆಯಲಾಯಿತು. 2019ರಲ್ಲಿ ಅವರು ಮತ್ತೆ ಮಾಸ್ಟರ್ಸ್ ಗೆದ್ದದ್ದು ಮೆಚ್ಚಬೇಕಾದ ಸಾಧನೆ. ಆ ದಾರಿ ನಮ್ಮ ನಿಮ್ಮಂಥವರು ಹಿಡಿಯುವಂಥದ್ದಲ್ಲ.

ನಿಮ್ಮ ಮೈ ಹೇಗಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಸ್ಟೂಲಿನ ಮೇಲೆ ಮಂಡಿ ಜೋಡಿಸಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಒಂದು ಬದಿಗೆ ತಿರುಗಿ. ಮುಂದಕ್ಕೂ ಪಕ್ಕಕ್ಕೂ ನಡುವೆ, ಅಂದರೆ 45 ಡಿಗ್ರಿಯಷ್ಟಾದರೂ ತಿರುಗಲು ಆಗುತ್ತದೆಯೇ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಆರಾಮವಾಗಿ ಊಟ ಮಾಡಬಲ್ಲಿರಾ? ಒಂಟಿ ಕಾಲಲ್ಲಿ ಹತ್ತು ಸೆಕೆಂಡು ಅಲುಗಾಡದೆ ನಿಲ್ಲಬಲ್ಲಿರಾ? ಇವು ಕಷ್ಟವೆನಿಸಿದರೆ ಮೊದಲ ಎರಡು ತಿಂಗಳು ಮೈ ಸಡಿಲಿಸುವುದಕ್ಕೆ ಮೀಸಲಿಡಿ. ಯೋಗಾಸನ ಬಲ್ಲವರಿಗೆ ಇದು ಸುಲಭ.

ದೂರದ ಹುಚ್ಚು

ಕಲಿಯುವವರಿಗೆ ಇರುವ ದೊಡ್ಡ ಆಸೆ ಚೆಂಡನ್ನು ದೂರ ಅಟ್ಟುವುದು. 'ನನ್ನದು 250 ಗಜ ಹೋಯಿತು' ಎಂಬ ಮಾತಿನ ಮುಂದೆ ಉಳಿದ ಆಟವೆಲ್ಲ ಗೌಣ. ಲೆಕ್ಕ ಮಾತ್ರ ಬೇರೆಯೇ ಇದೆ. 72 ಹೊಡೆತಗಳ ಮೈದಾನದಲ್ಲಿ ಪ್ರತಿ ಕುಳಿಗೂ ಎರಡರಂತೆ 36 ಹೊಡೆತಗಳನ್ನು ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವುದಕ್ಕೇ ಬಿಟ್ಟಿದ್ದಾರೆ. ಅತಿ ಉದ್ದದ ಕ್ಲಬ್ ಆದ ಡ್ರೈವರ್ ಬೇಕಾಗುವುದು ಹೆಚ್ಚೆಂದರೆ ಹದಿನಾಲ್ಕು ಸಲ. ಅಂದಮೇಲೆ ಅಭ್ಯಾಸದ ಹೊತ್ತನ್ನೆಲ್ಲ ಡ್ರೈವರಿಗೇ ಸುರಿಯುವುದು ಯಾವ ಜಾಣತನ?

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅವರನ್ನು ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೊಡೆತದ ದೂರದ ಮಟ್ಟಿಗೆ ಅವರು ಹಿಂದಿನ ಸಾಲಿನವರು. ಆದರೂ ಅಳತೆಬದ್ಧ ಹೊಡೆತ ಮತ್ತು ಪಟರ್‌ನ ಕೈಚಳಕದಿಂದ ಅವರು ನಾಲ್ಕನೇ ಸ್ಥಾನ ಪಡೆದರು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅಲ್ಲಿ ಅವರ ಕ್ಲಬ್ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

ಸ್ವಿಂಗ್ ಕಲಿಯುವುದು

ಸ್ವಿಂಗ್‌ನಲ್ಲಿ ಕ್ಲಬ್ ಮೇಲೇರಲು ಸುಮಾರು ಮುಕ್ಕಾಲು ಸೆಕೆಂಡು, ಇಳಿದು ಚೆಂಡಿಗೆ ತಾಗಲು ಕಾಲು ಸೆಕೆಂಡು ಸಾಕು. ಚೆಂಡಿಗೂ ಕ್ಲಬ್ಬಿಗೂ ಇರುವ ಸ್ಪರ್ಶ ಸೆಕೆಂಡಿನ ಎರಡು ಸಾವಿರದ ಒಂದು ಪಾಲು. ಇಷ್ಟು ಕಡಿಮೆ ಹೊತ್ತಿನಲ್ಲಿ ಮೊಣಕೈ ಹೀಗಿರಲಿ, ತಲೆ ಹಾಗಿರಲಿ ಎಂದು ತಿದ್ದಿಕೊಳ್ಳಲಾಗದು. ಆದ್ದರಿಂದ ಕಲಿಯಬೇಕಾದದ್ದು ಬೀಸುವ ಮೊದಲಿನ ಸಿದ್ಧತೆಯನ್ನು.

ಕ್ಲಬ್ಬನ್ನು ಹಿಡಿಯುವ ಬಿಗಿ ಹಕ್ಕಿಮರಿಯನ್ನು ಹಿಡಿದಷ್ಟೇ ಇರಲಿ, ಜಾರಬಾರದು, ನಲುಗಲೂಬಾರದು. ಬೆನ್ನನ್ನು ಗೂನು ಮಾಡದೆ ತೊಡೆಯ ಕೀಲಿನಲ್ಲಿ ಬಾಗಿ. ಮಂಡಿ ತುಸು ಸಡಿಲವಿರಲಿ. ಹಿಂದಕ್ಕೆ ತಿರುಗುವಾಗ ಸೊಂಟ ಬಿಗಿಯೆನಿಸಿದರೆ ಎಡ ಹಿಮ್ಮಡಿ ಏಳಲಿ, ಬಲ ಪಾದವನ್ನು ಮೊದಲೇ ಸ್ವಲ್ಪ ಹೊರಕ್ಕೆ ತಿರುಗಿಸಿಡಿ. (ಎಡಗೈಯವರು ಇದನ್ನು ಅದಲು ಬದಲು ಮಾಡಿಕೊಳ್ಳಬೇಕು.) ಭುಜ 90 ಡಿಗ್ರಿ ತಿರುಗದಿದ್ದರೆ 70 ಸಾಕು. ಮುಕ್ಕಾಲು ಸ್ವಿಂಗ್‌ನಲ್ಲಿ ಕಳೆದುಕೊಳ್ಳುವ ದೂರ ಅಲ್ಪ, ಗಳಿಸುವ ನಿಖರತೆ ಬಹಳ. ಬೀಸಿ ಮುಗಿಸಿದಾಗ ಸೊಂಟವನ್ನು ಮುಂದಕ್ಕೆ ತಳ್ಳಿ ಬಿಲ್ಲಿನಂತೆ ಹಿಂದಕ್ಕೆ ಬಾಗದೆ ನೆಟ್ಟಗೆ ನಿಂತಿರಿ.

ಸೌದೆ ಒಡೆಯುವವರನ್ನು ಗಮನಿಸಿದ್ದೀರಾ? ಬಲ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಕೊನೆಗೆ ಕೈಗೆ ಬರುತ್ತದೆ. ಗಾಲ್ಫ್‌ನಲ್ಲೂ ಅದೇ ಸರದಿ. ಕೈಯಿಂದಲೇ ಎಳೆದು ಹೊಡೆಯುವವರಿಗೆ ದೂರವೂ ಸಿಗದು, ಮೊಣಕೈಯೂ ಉಳಿಯದು.

ಅಭ್ಯಾಸದ ಜಾಗಕ್ಕೆ ಕಾರಿನಿಂದ ಇಳಿದವರೇ ಡ್ರೈವರ್ ಎತ್ತಿಕೊಂಡು ಒಂದೇ ಉಸಿರಿಗೆ ನೂರು ಚೆಂಡು ಬಾರಿಸುವುದು ಬೆನ್ನಿಗೆ ಮಾಡುವ ಅನ್ಯಾಯ. ಹತ್ತು ನಿಮಿಷ ಬಿರುಸಾಗಿ ನಡೆದು, ಭುಜ ಸೊಂಟಗಳನ್ನು ಮೆಲ್ಲಗೆ ತಿರುಗಿಸಿ, ಚಿಕ್ಕ ಕ್ಲಬ್ಬಿನಿಂದ ಆರಂಭಿಸಿ. ನಲವತ್ತು, ಐವತ್ತು ಚೆಂಡು ಸಾಕು. ಸಿಮೆಂಟಿನ ಮೇಲೆ ಹಾಸಿದ ತೆಳು ಚಾಪೆಯ ಮೇಲೆ ಹೊಡೆಯುವಾಗ ಪ್ರತಿ ತಪ್ಪು ಹೊಡೆತದ ಅದುರು ನೇರವಾಗಿ ಮಣಿಕಟ್ಟು, ಮೊಣಕೈಗೆ ಬರುತ್ತದೆ. ಹುಲ್ಲಿನ ಮೇಲೆ ಹೊಡೆಯುವ ಅವಕಾಶವಿದ್ದರೆ ಬಿಡಬೇಡಿ.

ಕ್ಲಬ್ ಕೊಳ್ಳುವ ಮುನ್ನ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೆಂಡು ವಾರೆಯಾಗಿ ಹೋದಾಗಲೆಲ್ಲ ಕ್ಲಬ್ ಬದಲಿಸುವವರಿಗೆ ಈ ಗಾದೆ ಒಪ್ಪುತ್ತದೆ. ಆದರೆ ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುವುದುಂಟು. ಅಂಗಡಿಯ ಸಿದ್ಧ ಸೆಟ್ಟುಗಳು ನಮಗಿಂತ ಎತ್ತರದ ಗಂಡಸರನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು. ಐದು ಅಡಿ ನಾಲ್ಕು ಅಂಗುಲದವರು ಅವನ್ನು ಹಿಡಿದರೆ ನೆಟ್ಟಗೆ ನಿಂತು ಕೈಯಿಂದ ಬೀಸಬೇಕಾಗುತ್ತದೆ. ತೀರಾ ಗಿಡ್ಡ ಕ್ಲಬ್ಬಾದರೆ ಎತ್ತರದವರು ಬೆನ್ನು ಬಗ್ಗಿಸಿ ನೋವು ತಂದುಕೊಳ್ಳುತ್ತಾರೆ. ನಿಮ್ಮ ಎತ್ತರ ಮತ್ತು ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ಅಂತರ, ಇವೆರಡನ್ನೂ ಅಳೆಸದೆ ಕೊಳ್ಳಬೇಡಿ.

ಕ್ಲಬ್ಬಿನ ದಂಡ, ಅಂದರೆ ಶಾಫ್ಟ್, ಎಷ್ಟು ಬಳುಕಬೇಕೆಂಬುದು ನಿಮ್ಮ ವೇಗವನ್ನು ಅವಲಂಬಿಸಿದೆ. ಹವ್ಯಾಸಿ ಗಂಡಸರು ಡ್ರೈವರ್ ಬೀಸುವ ವೇಗ ಗಂಟೆಗೆ ಸುಮಾರು 90 ಮೈಲಿ, ಹೆಸರಾಂತ ವೃತ್ತಿ ಆಟಗಾರರದು 110ಕ್ಕೂ ಹೆಚ್ಚು. ಅವರ ಗಡಸು ಶಾಫ್ಟ್ ನಿಮ್ಮ ಕೈಗೆ ಬಂದರೆ ಚೆಂಡು ಏಳುವುದಿಲ್ಲ, ಏಳಿಸಲು ನೀವು ಮೈಮುರಿದು ಹೊಡೆಯುತ್ತೀರಿ. ಮೊಣಕೈ ನೋವಿರುವವರಿಗೆ ಉಕ್ಕಿನ ಶಾಫ್ಟಿಗಿಂತ ಹಗುರವಾದ ಗ್ರಾಫೈಟ್ ಹಿತ. ಹಿಡಿಕೆ ತೀರಾ ಸಣ್ಣಗಿದ್ದರೆ ಬಿಗಿಹಿಡಿಯುವ ಚಟ ಬೆಳೆಯುತ್ತದೆ. ಅದನ್ನು ದಪ್ಪ ಮಾಡಿಸಲು ತಗಲುವ ಖರ್ಚು ಹೆಚ್ಚಲ್ಲ.

ಕ್ಲಬ್ಬಿನ ತಲೆಯ ವಿಷಯದಲ್ಲೂ ಬಿಂಕ ಬೇಡ. ಚಿನ್ನಿದಾಂಡು ಆಡಿದವರಿಗೆ ಗೊತ್ತು, ದಾಂಡಿನ ಸರಿಯಾದ ಜಾಗಕ್ಕೆ ತಾಗಿದರೆ ಮಾತ್ರ ಚಿನ್ನಿ ಹಾರುತ್ತದೆ. ಹಿಂಬದಿಯನ್ನು ಟೊಳ್ಳು ಮಾಡಿ ತೂಕವನ್ನು ಅಂಚುಗಳಿಗೆ ಹಂಚಿದ ಐರನ್‌ಗಳಲ್ಲಿ ಚೆಂಡು ನಡುವಿನಿಂದ ಅತ್ತಿತ್ತ ತಾಗಿದರೂ ಹೊಡೆತ ಪೂರ್ತಿ ಕೆಡುವುದಿಲ್ಲ. ನೋಡಲು ಅಂದವಾದ ತೆಳು ಬ್ಲೇಡ್ ಐರನ್‌ಗಳು ಪಳಗಿದ ಕೈಗಳಿಗೆ ಇರಲಿ. 3, 4 ನಂಬರಿನ ಉದ್ದ ಐರನ್‌ಗಳ ಬದಲು ಹೈಬ್ರಿಡ್ ಕೊಳ್ಳಿ. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು, ಇಡಲೇಬೇಕೆಂದಿಲ್ಲ. ಪಟರ್, ಸ್ಯಾಂಡ್ ವೆಡ್ಜ್, ಪಿಚಿಂಗ್ ವೆಡ್ಜ್, 9 ಮತ್ತು 7ನೇ ಐರನ್, ಒಂದು ಹೈಬ್ರಿಡ್, ಒಂದು ಫೇರ್‌ವೇ ವುಡ್; ಈ ಏಳು ಕ್ಲಬ್ಬುಗಳಲ್ಲಿ ಮೊದಲ ವರ್ಷ ಸುಖವಾಗಿ ಕಳೆಯಬಹುದು. ಯಾರೋ ಬಳಸಿ ಬಿಟ್ಟದ್ದಾದರೂ ಅಡ್ಡಿಯಿಲ್ಲ. ಉಳಿದ ಹಣ ಒಳ್ಳೆಯ ಶಿಕ್ಷಕರ ಪಾಠಕ್ಕಿರಲಿ.

ಇನ್ನೊಂದು ಮಾತು. ಗಂಡನ ಹಳೆಯ ಸೆಟ್ಟು ಹೆಂಡತಿಗೆ, ಅಪ್ಪನ ಕ್ಲಬ್ಬನ್ನು ತುಂಡು ಮಾಡಿ ಮಗಳಿಗೆ ಕೊಡುವುದು ನಮ್ಮ ಮಿತವ್ಯಯದ ಬುದ್ಧಿ. ಭಾರವೂ ಗಡಸೂ ಆದ ಆ ಕೋಲಿನಿಂದ ಅವರು ಕಲಿಯುವುದು ಇಡೀ ಮೈಯನ್ನು ಓಲಾಡಿಸುವುದನ್ನು. ಕೆಲವು ವಾರಗಳಲ್ಲಿ 'ಇದು ನನ್ನಿಂದಾಗದು' ಎಂದು ಬಿಟ್ಟುಬಿಡುತ್ತಾರೆ. ಅಣ್ಣನ ಚಪ್ಪಲಿ ಹಾಕಿಸಿ ಓಟಕ್ಕೆ ನಿಲ್ಲಿಸಿದರೆ ತಂಗಿ ಸೋತದ್ದು ಯಾರ ತಪ್ಪು?

ನೋವು ಬಂದರೆ

ಮೊಣಕೈಯ ಒಳಬದಿಯ ಅಥವಾ ಹೊರಬದಿಯ ನೋವು ಎರಡು ವಾರದ ವಿಶ್ರಾಂತಿಯಿಂದಲೂ ಇಳಿಯದಿದ್ದರೆ, ಸೊಂಟದ ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ಅಥವಾ ಬಲ ಕಳೆದುಕೊಂಡರೆ ವೈದ್ಯರನ್ನು ಕಾಣಿ. ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬಾರದು. ನೋವಿನ ಮಾತ್ರೆ ನುಂಗಿ ಭಾನುವಾರದ ಆಟಕ್ಕೆ ಹೋಗುವುದು ಶೌರ್ಯವಲ್ಲ. ಆಡುವಾಗ ಎದೆ ಬಿಗಿದರೆ, ಉಸಿರು ಕಟ್ಟಿದರೆ ಎಷ್ಟನೇ ಕುಳಿಯಲ್ಲಿದ್ದರೂ ಅಲ್ಲಿಗೇ ಆಟ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಕುಳಿಯಿಂದ ಚೆಂಡು ತೆಗೆಯುವಾಗ ಮಂಡಿ ಮಡಚಿ. ಚೀಲವನ್ನು ತಳ್ಳುಗಾಡಿಯಲ್ಲಿಟ್ಟು ಎಳೆಯುವ ಬದಲು ಮುಂದಕ್ಕೆ ತಳ್ಳಿ. ಬಿಸಿಲಿಗೆ ಟೋಪಿ, ಕುಡಿಯಲು ನೀರು ಜೊತೆಗಿರಲಿ.

ಗಾಲ್ಫ್‌ನ ದೊಡ್ಡ ಗುಣವೆಂದರೆ ಎಪ್ಪತ್ತು ದಾಟಿದವರೂ ಮೊಮ್ಮಕ್ಕಳ ಜೊತೆ ಆಡಬಹುದು. ಆ ವಯಸ್ಸಿನವರೆಗೆ ಆಡಲು ಬೇಕಾದದ್ದು 250 ಗಜದ ಹೊಡೆತವಲ್ಲ, ನೋವಿಲ್ಲದ ಬೆನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಬೆನ್ನು ಇದ್ದಷ್ಟೇ ಬೀಸಿ.